ಇಪ್ಪತ್ತು ಬ್ಲಾಕು, ಮೂರು ವರ್ಷ: ಕೈಯಲ್ಲೇ ಹೊಲಿಯುವ ಸ್ಯಾಂಪ್ಲರ್ ಕ್ವಿಲ್ಟ್

ಎಂಟು ತಿಂಗಳು ಮುಟ್ಟದೆ ಬಿಟ್ಟಿದ್ದ ಡಬ್ಬಿ ತೆರೆದಾಗ ಅರ್ಧ ಹೊಲಿದ ನಕ್ಷತ್ರವೊಂದು ಮೇಲೇ ಇತ್ತು. ಅದರ ಬಿಳಿ ತುಂಡಿನಲ್ಲಿ ನಾನೇ ಚುಚ್ಚಿಟ್ಟು ಮರೆತ ಸೂಜಿ. ಎಳೆದರೆ ಬರಲಿಲ್ಲ. ತಿರುಚಿ ತೆಗೆದೆ, ಸೂಜಿ ಬಂತು, ಅದರ ಉದ್ದಕ್ಕೂ ತುಕ್ಕಿನ ಕಂದು ಗೆರೆ ಬಟ್ಟೆಯಲ್ಲೇ ಉಳಿಯಿತು. ಎಷ್ಟು ತೊಳೆದರೂ ಹೋಗಲಿಲ್ಲ. ಆ ತುಂಡು ಬಿಚ್ಚಿ ಬೇರೆ ಹಾಕೋಣವೆಂದರೆ ಅದೇ ಬಿಳಿ ಬಟ್ಟೆ ಮುಗಿದಿತ್ತು. ಹೊಸದಾಗಿ ತಂದದ್ದನ್ನು ಪಕ್ಕದಲ್ಲಿಟ್ಟು ನೋಡಿದರೆ ಹಳೆಯದು ತುಸು ಹಳದಿ, ಹೊಸದು ತುಸು ನೀಲಿ. ಅಲ್ಲಿಯವರೆಗೆ ಎರಡೂ ಬಿಳಿ ಎಂದೇ ನಂಬಿದ್ದೆ.

ಈ ಕೆಲಸದ ಹೊಲಿಗೆ ಹದಿನೈದು ದಿನದಲ್ಲಿ ಕೈಗೆ ಹತ್ತುತ್ತದೆ. ಆದರೆ ವರ್ಷಗಟ್ಟಲೆ ನಡೆಯುವ ಕೆಲಸವೆಂದ ಮೇಲೆ ನಡುನಡುವೆ ಬಿಡಬೇಕಾಗುತ್ತದೆ, ಮತ್ತೆ ಹಿಡಿಯಬೇಕಾಗುತ್ತದೆ. ಕೆಡುವುದೆಲ್ಲ ಆ ಸಂದಿಯಲ್ಲೇ. ಅದಕ್ಕೇ ಇಲ್ಲಿ ಹೇಳಿರುವ ಕ್ರಮ ಒಂದೇ ಉಸಿರಿಗೆ ಮುಗಿಸುವವರಿಗಲ್ಲ, ನನ್ನ ಹಾಗೆ ಬಿಟ್ಟು ಬಿಟ್ಟು ಹೊಲಿಯುವವರಿಗೆ.

ಸ್ಯಾಂಪ್ಲರ್ ಎಂದರೆ ಪ್ರತಿ ಚೌಕಕ್ಕೂ ಬೇರೆ ಮಾದರಿ ಇರುವ ಕ್ವಿಲ್ಟ್. ಸಣ್ಣ ಬಟ್ಟೆ ತುಂಡುಗಳನ್ನು ಕೂಡಿಸಿ ಮಾಡಿದ ಒಂದು ಚೌಕಕ್ಕೆ ಬ್ಲಾಕ್ ಎಂದು ಹೆಸರು. ಬ್ಲಾಕುಗಳನ್ನು ಸಾಲಾಗಿ ಸೇರಿಸಿದರೆ ಮೇಲ್ಪದರ. ಅದರಡಿ ಹತ್ತಿಯ ಹಾಳೆ, ಅದರಡಿ ಅಸ್ತರು. ಮೂರೂ ಸೇರಿಸಿ ಹೊಲಿದ ಮೇಲೆಯೇ ಅದು ಕ್ವಿಲ್ಟ್.

ಮೊದಲು ಲೆಕ್ಕ, ಆಮೇಲೆ ಬಟ್ಟೆ

ಬ್ಲಾಕಿನ ಅಳತೆ 12 ಇಂಚು ಇಟ್ಟುಕೊಳ್ಳಿ. ಹಳೆಯ ಮಾದರಿಗಳಲ್ಲಿ ಹೆಚ್ಚಿನವು ಚೌಕಳಿ ಲೆಕ್ಕದವು, 12ನ್ನು ಎರಡರಿಂದ, ಮೂರರಿಂದ, ನಾಲ್ಕರಿಂದ, ಆರರಿಂದ ಸಲೀಸಾಗಿ ಭಾಗಿಸಬಹುದು. ನೈನ್ ಪ್ಯಾಚ್, ಓಹಿಯೋ ಸ್ಟಾರ್ ಎಂಬ ಮಾದರಿಗಳು ಅಡ್ಡಕ್ಕೆ ಮೂರು ಮನೆ, ಉದ್ದಕ್ಕೆ ಮೂರು ಮನೆ. ಸಾಟೂತ್ ಸ್ಟಾರ್ ನಾಲ್ಕು ಮನೆಯದು. ಬೇರ್ಸ್ ಪಾ, ಅಂದರೆ ಕರಡಿಯ ಪಂಜ, ಏಳು ಮನೆಯದು. 12ನ್ನು ಏಳರಿಂದ ಭಾಗಿಸಿ ನೋಡಿ, ಆ ಅಳತೆ ಯಾವ ಸ್ಕೇಲಿನಲ್ಲೂ ಇಲ್ಲ. ಅದು ಬೇಕೇ ಬೇಕೆನ್ನುವವರು ಒಂದೊಂದು ಮನೆಗೆ ಒಂದೂವರೆ ಇಂಚು ಹಿಡಿದು ಹತ್ತೂವರೆ ಇಂಚಿನ ಬ್ಲಾಕ್ ಮಾಡಿ, ಸುತ್ತ ಮುಕ್ಕಾಲು ಇಂಚಿನ ಪಟ್ಟಿ ಕೊಟ್ಟರೆ ಸರಿಯಾಗಿ 12 ಇಂಚು ಆಗುತ್ತದೆ.

ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಐದು ಬ್ಲಾಕು, ನಡುವೆ ಮತ್ತು ಸುತ್ತ ಎರಡು ಇಂಚಿನ ಪಟ್ಟಿ, ಅದರಾಚೆ ನಾಲ್ಕು ಇಂಚಿನ ಅಂಚು. ಒಟ್ಟು 66 ಇಂಚು ಅಗಲ, 80 ಇಂಚು ಉದ್ದ. ಒಬ್ಬರು ಆರಾಮವಾಗಿ ಹೊದೆಯಬಹುದು. ತಿಂಗಳಿಗೊಂದು ಬ್ಲಾಕ್ ಎಂದುಕೊಂಡರೂ ಮೇಲ್ಪದರಕ್ಕೇ ಎರಡು ವರ್ಷ ಬೇಕು. ಮೂರು ಪದರ ಸೇರಿಸುವ ಹೊಲಿಗೆಗೆ ಇನ್ನೊಂದು ವರ್ಷ. ತಿಂಗಳಿಗೆ ಮೂರು ಹೊಲಿಯುತ್ತೇನೆಂದು ಹೊರಟವರನ್ನು ಕಂಡಿದ್ದೇನೆ. ನಾಲ್ಕನೇ ತಿಂಗಳಿಗೆ ಅವರ ಡಬ್ಬಿ ಅಟ್ಟ ಸೇರಿರುತ್ತದೆ.

ಬಟ್ಟೆ ಹದವಾದ ದಪ್ಪದ, ಸಾದಾ ನೇಯ್ಗೆಯ ಹತ್ತಿಯದಿರಲಿ. ಬಣ್ಣಬಣ್ಣದ ತುಂಡುಗಳನ್ನು ವರ್ಷವಿಡೀ ಕೂಡಿಸುತ್ತಾ ಹೋಗಬಹುದು, ಚಂದವೂ ಅದರಲ್ಲೇ ಇದೆ. ಹಿನ್ನೆಲೆಯ ಬಟ್ಟೆ ಮಾತ್ರ ಒಂದೇ ದಿನ, ಒಂದೇ ಥಾನಿನಿಂದ ತನ್ನಿ. ಒಂದೇ ಬಣ್ಣವೆಂದು ಮಾರಿದರೂ ಒಂದು ಸಲದ ಬಣ್ಣದ ಹದ ಇನ್ನೊಂದು ಸಲಕ್ಕೆ ಬರುವುದಿಲ್ಲ. 42 ಇಂಚು ಪನ್ನದ ಬಟ್ಟೆಯಾದರೆ ಬ್ಲಾಕು, ನಡುಪಟ್ಟಿ, ಅಂಚು ಎಲ್ಲಕ್ಕೂ ಲೆಕ್ಕಕ್ಕೆ ನಾಲ್ಕೂಕಾಲು ಮೀಟರ್ ಸಾಕು. ನೀವು ಐದು ತನ್ನಿ. ತಂದ ಕೂಡಲೇ ನೆನೆಸಿ, ತೊಳೆದು, ಒಣಗಿಸಿ. ಗಾಢ ಕೆಂಪು, ಗಾಢ ನೀಲಿಗಳನ್ನು ಒದ್ದೆಯಿರುವಾಗಲೇ ಬಿಳಿ ಬಟ್ಟೆಯ ಮೇಲೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಮತ್ತೆ ತೊಳೆಯಿರಿ, ಆಗಲೂ ಬಿಟ್ಟರೆ ಅದಕ್ಕೆ ಬೇರೆ ಕೆಲಸ ಹುಡುಕಿ.

ಅಚ್ಚು, ಪೆನ್ಸಿಲ್, ಒಂದೇ ಸ್ಕೇಲು

ಕೈಹೊಲಿಗೆಯಲ್ಲಿ ಗುರುತು ಹಾಕುವುದು ಹೊಲಿಯುವ ಗೆರೆಯನ್ನು, ಕತ್ತರಿಸುವ ಗೆರೆಯನ್ನಲ್ಲ. ಗ್ರಾಫ್ ಹಾಳೆಯ ಮೇಲೆ ಬ್ಲಾಕನ್ನು ಪೂರ್ತಿ ಅಳತೆಗೆ ಬರೆದು, ಬೇರೆ ಬೇರೆ ಆಕಾರಗಳಿಗೆ ಒಂದೊಂದು ಅಚ್ಚು ಕತ್ತರಿಸಿ. ಓಹಿಯೋ ಸ್ಟಾರಿನಲ್ಲಿ ತುಂಡು 21 ಇದ್ದರೂ ಅಚ್ಚು ಎರಡೇ: ನಾಲ್ಕು ಇಂಚಿನ ಚೌಕ, ಮತ್ತು ಉದ್ದನೆಯ ಬದಿ ನಾಲ್ಕು ಇಂಚಿರುವ ತ್ರಿಕೋನ. ರಟ್ಟಿನ ಅಚ್ಚಿನ ಮೂಲೆಗಳು ಬರೆದೂ ಬರೆದೂ ಸವೆದು ದುಂಡಗಾಗುತ್ತವೆ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯೇ ಮೇಲು.

ಬಟ್ಟೆಯ ಹಿಂಬದಿ ಮೇಲೆ ಬರುವಂತೆ ಹಾಸಿ, ಕೆಳಗೆ ಒಂದು ನಯವಾದ ಉಪ್ಪುಕಾಗದ ಇಡಿ. ಬಟ್ಟೆ ಅದಕ್ಕೆ ಕಚ್ಚಿಕೊಂಡು ಪೆನ್ಸಿಲಿನ ಜೊತೆ ಜಾರುವುದಿಲ್ಲ. ಅಚ್ಚಿನ ಸುತ್ತ ಗೆರೆ ಎಳೆದು, ಸುತ್ತಲೂ ಕಾಲು ಇಂಚು ಮಾರ್ಜಿನ್ ಬಿಟ್ಟು ಕತ್ತರಿಸಿ. ಈ ಕಾಲು ಇಂಚನ್ನು ಅಳೆಯುವ ಅಗತ್ಯವಿಲ್ಲ, ಕಣ್ಣಂದಾಜು ಸಾಕು. ಗೆರೆ ಸರಿಯಿದ್ದರೆ ಆಯಿತು. ಎರಡು ತುಂಡಿನ ನಡುವೆ ಅರ್ಧ ಇಂಚು ಜಾಗ ಬಿಡುವುದನ್ನು ಮಾತ್ರ ಮರೆಯಬೇಡಿ.

ಬ್ಲಾಕಿನ ಹೊರ ಅಂಚಿಗೆ ಬರುವ ಬದಿ ಯಾವಾಗಲೂ ಹಾಸು ಅಥವಾ ಹೊಕ್ಕಿನ ಎಳೆಗೆ ನೇರವಾಗಿರಲಿ. ಓಹಿಯೋ ಸ್ಟಾರಿನ ತ್ರಿಕೋನದಲ್ಲಿ ಅದು ಉದ್ದನೆಯ ಬದಿ. ಅಲ್ಲಿ ಕ್ರಾಸ್, ಅಂದರೆ ಎಳೆಗೆ ಓರೆಯಾದ ಬದಿ, ಬಂದರೆ ಬ್ಲಾಕಿನ ಅಂಚು ಹಿಗ್ಗಿ ಅಲೆಅಲೆಯಾಗಿ ಏಳುತ್ತದೆ.

ಹತ್ತನೇ ಬ್ಲಾಕಿನ ಹೊತ್ತಿಗೆ ನನ್ನ ಹಳೆಯ ಸ್ಕೇಲು ಎಲ್ಲೋ ಕಳೆದು ಹೊಸದು ಬಂತು, ತೆಳ್ಳನೆಯ ಪೆನ್ಸಿಲಿನ ಬದಲು ಮೊಂಡು ಪೆನ್ಸಿಲು. ಬ್ಲಾಕ್ ಕಾಲು ಇಂಚು ಚಿಕ್ಕದಾಯಿತು. ಇದರಲ್ಲಿ ಮಾಟವೇನಿಲ್ಲ. ನಾಲ್ಕು ಮನೆಯ ಬ್ಲಾಕಿನಲ್ಲಿ ಅಡ್ಡಕ್ಕೆ ಮೂರು ಹೊಲಿಗೆ. ಪ್ರತಿ ಹೊಲಿಗೆಯಲ್ಲೂ ಎರಡೂ ತುಂಡು ಒಂದೊಂದು ಮಿಲಿಮೀಟರ್ ನುಂಗಿದರೆ ಒಟ್ಟು ಆರು ಮಿಲಿಮೀಟರ್, ಅದೇ ಕಾಲು ಇಂಚು. ಮೊದಲ ದಿನದ ಸ್ಕೇಲು, ಅರ್ಧ ಮಿಲಿಮೀಟರ್ ಕಡ್ಡಿಯ ಪೆನ್ಸಿಲು, ಎರಡನ್ನೂ ಆ ಡಬ್ಬಿಯೊಳಗೇ ಇಡಿ. ಮಕ್ಕಳು ಹೋಂವರ್ಕಿಗೆ ಕೇಳಿದರೂ ಕೊಡಬೇಡಿ.

ಸೂಜಿ ಹಿಡಿಯುವ ಹೊತ್ತು

ಸೂಜಿ ಶಾರ್ಪ್ಸ್ ಜಾತಿಯದು, 10ನೇ ನಂಬರು; ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣ. 50ನೇ ನಂಬರಿನ ಹತ್ತಿ ದಾರ, ಬೂದು ಅಥವಾ ಮಾಸಲು ಬಣ್ಣದ್ದು. ಅದು ಎಲ್ಲ ಬಟ್ಟೆಯಲ್ಲೂ ಅಡಗುತ್ತದೆ. ದಾರ ಒಂದು ಮೊಳ ಸಾಕು. ಉದ್ದ ಇದ್ದರೆ ಗಂಟು ಬೀಳುತ್ತದೆ, ಬಟ್ಟೆಯಲ್ಲಿ ಓಡಾಡಿ ಓಡಾಡಿ ನವೆಯುತ್ತದೆ.

ಓಹಿಯೋ ಸ್ಟಾರಿನ ಒಂದು ಮನೆಯನ್ನೇ ಹೊಲಿದು ನೋಡೋಣ. ಅದರಲ್ಲಿ ನಾಲ್ಕು ತ್ರಿಕೋನ, ಎರಡು ಬಣ್ಣದವು, ಎರಡು ಬಿಳಿ. ಬಣ್ಣದ್ದೊಂದು ಬಿಳಿಯದೊಂದು ಮುಂಬದಿಗೆ ಮುಂಬದಿ ತಾಗುವಂತೆ ಇಡಿ. ಗುಂಡುಪಿನ್ನನ್ನು ಮೇಲಿನ ತುಂಡಿನ ಮೂಲೆಯಲ್ಲಿ, ಎರಡು ಪೆನ್ಸಿಲ್ ಗೆರೆ ಕೂಡುವ ಚುಕ್ಕಿಯಲ್ಲೇ ನೇರ ಚುಚ್ಚಿ. ತಿರುಗಿಸಿ ನೋಡಿದರೆ ಅದು ಕೆಳಗಿನ ತುಂಡಿನ ಚುಕ್ಕಿಯಲ್ಲೇ ಹೊರಬಂದಿರಬೇಕು. ಇನ್ನೊಂದು ತುದಿಗೂ ಹಾಗೆಯೇ. ನಡುವೆ ಒಂದೋ ಎರಡೋ ಪಿನ್.

ಚುಕ್ಕಿಯಿಂದ ಶುರು, ಚುಕ್ಕಿಗೆ ಮುಕ್ತಾಯ. ಬಟ್ಟೆಯ ತುದಿಯಿಂದ ತುದಿಗಲ್ಲ. ಮೆಷಿನ್ ಹೊಲಿಗೆ ರೂಢಿಯಿರುವವರು ಎಡವುವುದು ಇಲ್ಲೇ. ಸಣ್ಣ ಗಂಟು ಹಾಕಿ, ಒಂದು ಬ್ಯಾಕ್ ಸ್ಟಿಚ್ (ಒಂದು ಹೆಜ್ಜೆ ಹಿಂದಕ್ಕೆ ಬಂದು ಹಾಕುವ ಹೊಲಿಗೆ) ತೆಗೆದು, ಆಮೇಲೆ ರನ್ನಿಂಗ್ ಸ್ಟಿಚ್, ಅಂದರೆ ಸೂಜಿ ಮೇಲೆ ಕೆಳಗೆ ಆಡುತ್ತ ಮುಂದಕ್ಕೆ ಸಾಗುವ ಸಾದಾ ಹೊಲಿಗೆ. ಸೂಜಿಗೆ ಮೂರು ನಾಲ್ಕು ಹೊಲಿಗೆ ಪೋಣಿಸಿ ಒಮ್ಮೆ ಎಳೆಯಿರಿ. ಇಂಚಿಗೆ ಎಂಟರಿಂದ ಹತ್ತು ಹೊಲಿಗೆ ಬಿದ್ದರೆ ಗಟ್ಟಿ. ಇಂಚಿಗೊಮ್ಮೆ ಬ್ಯಾಕ್ ಸ್ಟಿಚ್ ಹಾಕಿ ಹಿಂದೆ ತಿರುಗಿಸಿ ನೋಡಿ: ಕೆಳಗಿನ ಗೆರೆಯ ಮೇಲೂ ಸೂಜಿ ನಡೆದಿದೆಯೇ? ತಪ್ಪಿದ್ದರೆ ಬಿಚ್ಚಬೇಕಾದ್ದು ಒಂದೇ ಇಂಚು.

ಹೀಗೆ ಎರಡು ಜೋಡಿ ಆಯಿತು. ಈಗ ಜೋಡಿಗೆ ಜೋಡಿ ಸೇರಿಸುವಾಗ ನಡುವಿನ ಚುಕ್ಕಿಯಲ್ಲಿ ನಾಲ್ಕು ತ್ರಿಕೋನಗಳ ಮೂತಿ ಕೂಡುತ್ತದೆ. ಆ ಚುಕ್ಕಿಗೆ ಬಂದಾಗ ನಿಲ್ಲಿ. ಮಾರ್ಜಿನ್ನನ್ನು ಬೆರಳಲ್ಲಿ ನಿಮ್ಮ ಕಡೆಗೆ ಮಡಚಿ, ಚುಕ್ಕಿಯಲ್ಲಿ ಒಂದು ಬ್ಯಾಕ್ ಸ್ಟಿಚ್ ಹಾಕಿ. ಸೂಜಿಯನ್ನು ಮಾರ್ಜಿನ್ನಿನ ಬುಡದಲ್ಲಿ ಆಚೆಗೆ ತೂರಿಸಿ, ಅಲ್ಲಿ ಇನ್ನೊಂದು ಬ್ಯಾಕ್ ಸ್ಟಿಚ್ ಹಾಕಿ ಮುಂದುವರಿಯಿರಿ. ಮಾರ್ಜಿನ್ನಿನ ಮೇಲೆ ಹೊಲಿಗೆ ಬೀಳಲೇ ಬಾರದು. ಅದು ಸ್ವತಂತ್ರವಾಗಿ ಆಡುತ್ತಿರುವುದರಿಂದ ಹಿಂಬದಿಯಲ್ಲಿ ನಾಲ್ಕೂ ಮಾರ್ಜಿನ್ನುಗಳನ್ನು ಗಿರಿಗಿಟ್ಲೆಯ ಹಾಗೆ ಒಂದೇ ದಿಕ್ಕಿಗೆ ಸುತ್ತಿ ಮಲಗಿಸಬಹುದು, ಆಗ ನಡುವೆ ಗುಬುಟು ಏಳುವುದಿಲ್ಲ. ನಡುವಿನ ಮೂತಿಗಳು ಕೂದಲೆಳೆಯಷ್ಟೂ ತಪ್ಪದೆ ಕೂಡಿದ್ದನ್ನು ಮೊದಲ ಸಲ ಕಂಡ ದಿನ ಮನೆಯವರನ್ನೆಲ್ಲ ಕರೆದು ತೋರಿಸುತ್ತೀರಿ. ಅವರಿಗೆ ಏನು ನೋಡಬೇಕೆಂದೇ ತಿಳಿಯುವುದಿಲ್ಲ.

ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಉಜ್ಜಬೇಡಿ. ಮೇಲಿಟ್ಟು ಒತ್ತಿ, ಎತ್ತಿ.

ಯಾವುದು ಮೊದಲು? ನೈನ್ ಪ್ಯಾಚಿನಿಂದ ಶುರುಮಾಡಿ, ಬರೀ ಚೌಕಗಳು. ಆಮೇಲೆ ತ್ರಿಕೋನ ಸೇರುವ ಚರ್ನ್ ಡ್ಯಾಶ್, ಅದಾದ ಮೇಲೆ ನಕ್ಷತ್ರಗಳು. ಬಾಗಿದ ಹೊಲಿಗೆಯ ಡ್ರಂಕರ್ಡ್ಸ್ ಪಾತ್, ಎಂಟು ವಜ್ರಾಕೃತಿಗಳು ಒಂದೇ ಬಿಂದುವಿನಲ್ಲಿ ಕೂಡುವ ಲಿಮೋಯ್ನ್ ಸ್ಟಾರ್, ಇವನ್ನು ಹತ್ತು ಬ್ಲಾಕ್ ದಾಟಿದ ಮೇಲೆ ಮುಟ್ಟಿ. ಮೆಷಿನ್ನಿನವರು ಹೆದರುವ ಈ ಎರಡೂ ಚುಕ್ಕಿಯಿಂದ ಚುಕ್ಕಿಗೆ ಹೊಲಿಯುವವರಿಗೆ ಅಷ್ಟೇನೂ ಕಷ್ಟವಲ್ಲ.

ಬಿಟ್ಟು ಹೋಗುವ ಮುನ್ನ

ಒಂದು ನೋಟ್‌ಬುಕ್ ಇಡಿ. ಪ್ರತಿ ಬ್ಲಾಕಿಗೂ ಒಂದು ಪುಟ: ಎಷ್ಟು ಮನೆಯದು, ಯಾವ ಅಚ್ಚು, ಯಾವ ಬಣ್ಣದ ತುಂಡು ಎಷ್ಟು, ಶುರುಮಾಡಿದ ದಿನ. ಹೆಸರನ್ನು ನೆಚ್ಚಿಕೊಂಡರೆ ಕೆಟ್ಟಿರಿ. ಚರ್ನ್ ಡ್ಯಾಶನ್ನೇ ಮಂಕಿ ರೆಂಚ್ ಎನ್ನುತ್ತಾರೆ, ಹೋಲ್ ಇನ್ ದ ಬಾರ್ನ್ ಡೋರ್ ಎಂದೂ ಎನ್ನುತ್ತಾರೆ. ಅಮೆರಿಕದ ಕ್ಯಾನ್ಸಸ್ ಸಿಟಿ ಸ್ಟಾರ್ ಪತ್ರಿಕೆ 1928ರಿಂದ 1961ರವರೆಗೆ ಬ್ಲಾಕ್ ಮಾದರಿಗಳನ್ನು ಅಚ್ಚುಹಾಕುತ್ತಿತ್ತು. ಹಾಗೆ ಊರೂರು ಸುತ್ತಿದ ಮಾದರಿಗಳಿಗೆ ಒಂದೊಂದು ಕಡೆ ಒಂದೊಂದು ಹೆಸರು. ಚೌಕಳಿಯ ಚಿತ್ರ ಬರೆದಿಟ್ಟುಕೊಂಡವರಿಗೆ ಮಾತ್ರ ಒಂದೂವರೆ ವರ್ಷದ ಮೇಲೂ ಗೊಂದಲವಿಲ್ಲ.

ಪ್ರತಿ ಬ್ಲಾಕಿಗೆ ಒಂದು ಬಟ್ಟೆಯ ಚೀಲ, ಅದರೊಳಗೆ ಕತ್ತರಿಸಿದ ತುಂಡುಗಳೆಲ್ಲ. ಅರ್ಧಕ್ಕೆ ನಿಲ್ಲಿಸುವುದಾದರೆ ಒಂದು ಚೀಟಿಯಲ್ಲಿ ಮುಂದಿನ ಹೊಲಿಗೆ ಯಾವುದೆಂದು ಬರೆದು ಹಾಕಿ. ನನ್ನ ಚೀಟಿಯೊಂದರಲ್ಲಿ ಹೀಗಿದೆ: ‘ಎಡಗಡೆ ಸಾಲು ಆಯಿತು, ನಡುಸಾಲಿಗೆ ಸೇರಿಸು, ಬಿಳಿ ತುಂಡು ಒಂದು ಕಮ್ಮಿ.’ ಎಂಟು ತಿಂಗಳ ಮೇಲೆ ಈ ಒಂದು ಸಾಲಿನ ಬೆಲೆ ಗೊತ್ತಾಯಿತು. ಸೂಜಿ, ಪಿನ್ನುಗಳು ಮಾತ್ರ ಬಟ್ಟೆಯಲ್ಲಿ ಒಂದು ರಾತ್ರಿ ಕೂಡ ಕಳೆಯಬಾರದು. ಕಾರಣ ಮೊದಲೇ ಹೇಳಿದ್ದೇನೆ.

ಮುಗಿದ ಪ್ರತಿ ಬ್ಲಾಕನ್ನೂ ಅಂದೇ ಅಳೆಯಿರಿ: ಮಾರ್ಜಿನ್ ಸೇರಿ ಹನ್ನೆರಡೂವರೆ ಇಂಚು. ಅರೆಕಾಲು ಇಂಚಿನ ಹೆಚ್ಚುಕಮ್ಮಿಯಾದರೆ ಬಿಡಿ, ನಡುಪಟ್ಟಿಗೆ ಸೇರಿಸುವಾಗ ತುಸು ಎಳೆದೋ ತುಸು ಸಡಿಲಿಸಿಯೋ ಸರಿದೂಗಿಸಬಹುದು. ಅದಕ್ಕಿಂತ ವ್ಯತ್ಯಾಸವಿದ್ದರೆ ಹೊಲಿಗೆ ಬಿಚ್ಚಿ ಸರಿಮಾಡಿ. ಕತ್ತರಿಯಿಂದ ಅಂಚು ಸವರಿ ಅಳತೆಗೆ ತರಲು ಹೋಗಬೇಡಿ, ನಕ್ಷತ್ರದ ತುದಿಗಳು ಹೊಲಿಗೆಯೊಳಗೆ ಸಿಕ್ಕಿ ಮೊಂಡಾಗುತ್ತವೆ. ಹದಿನೈದನೇ ಬ್ಲಾಕಿನ ಹೊತ್ತಿಗೆ ಮೊದಲನೆಯದು ನೋಡಿದರೆ ನಾಚಿಕೆಯಾಗುತ್ತದೆ, ಮತ್ತೆ ಹೊಲಿಯೋಣ ಅನ್ನಿಸುತ್ತದೆ. ಅಳತೆ ಸರಿಯಿದ್ದರೆ ಅದನ್ನು ಹಾಗೆಯೇ ಬಿಡಬೇಕೆಂಬುದು ನನ್ನ ಹಟ.

ಕೂಡಿಸುವುದು

ಇಪ್ಪತ್ತೂ ಆದ ಮೇಲೆ ನೆಲದ ಮೇಲೆ ಹಾಸಿ, ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಗಾಢ ಬ್ಲಾಕುಗಳೆಲ್ಲ ಒಂದೇ ಮೂಲೆಗೆ ಸೇರಿದ್ದರೆ ಬಣ್ಣದಲ್ಲಿ ಕಾಣದ್ದು ಅದರಲ್ಲಿ ಕಣ್ಣಿಗೆ ರಾಚುತ್ತದೆ. ನಡುಪಟ್ಟಿಗೆ ಎರಡೂವರೆ ಇಂಚು ಅಗಲ, ಹನ್ನೆರಡೂವರೆ ಇಂಚು ಉದ್ದದ 49 ತುಂಡು, ಅವು ಕೂಡುವಲ್ಲಿಗೆ 30 ಪುಟ್ಟ ಚೌಕ ಬೇಕು.

ಅಸ್ತರು ನಾಲ್ಕೂ ಕಡೆ ಮೂರು ಇಂಚು ಹೆಚ್ಚಿರಲಿ. ಅದರ ಮೇಲೆ ಹತ್ತಿಯ ಹಾಳೆ, ಅದರ ಮೇಲೆ ಹೊಲಿದ ಪದರ ಹಾಸಿ, ನಡುವಿನಿಂದ ಹೊರಕ್ಕೆ ನಾಲ್ಕೈದು ಇಂಚಿಗೊಂದರಂತೆ ಉದ್ದುದ್ದ ಕಚ್ಚಾ ಹೊಲಿಗೆ ಹಾಕಿ. ಆಮೇಲೆ ಮರದ ಬಳೆಗೆ ಸಿಕ್ಕಿಸಿ, ಬಿಟ್ವೀನ್ಸ್ ಎನ್ನುವ ಗಿಡ್ಡ ಸೂಜಿಯಿಂದ ಮೂರೂ ಪದರ ಹಿಡಿಯುವಂತೆ ಹೊಲಿಯಿರಿ. ಇದೂ ನಡುವಿನಿಂದಲೇ ಶುರು. ಜೋಡಣೆಯ ಹೊಲಿಗೆಯಿಂದ ಕಾಲು ಇಂಚು ದೂರದಲ್ಲಿ ನಡೆದರೆ ಮಾರ್ಜಿನ್ ಸೂಜಿಗೆ ಅಡ್ಡ ಬರುವುದಿಲ್ಲ. ಗಂಟನ್ನು ಮೆಲ್ಲನೆ ಜಗ್ಗಿ ಹತ್ತಿಯೊಳಕ್ಕೆ ಎಳೆದುಬಿಡಿ, ಹೊರಗೆ ಕಾಣದು. ಎದ್ದು ಹೋಗುವಾಗ ಬಳೆ ಬಿಚ್ಚಿ; ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಅದರ ಗುರುತು ಮಡಿಕೆಯಾಗಿ ಕೂರುತ್ತದೆ.

ಕೊನೆಗೆ ಎರಡೂವರೆ ಇಂಚಿನ ಪಟ್ಟಿಯನ್ನು ಉದ್ದಕ್ಕೆ ಮಡಚಿ ಸುತ್ತಲೂ ಅಂಚುಕಟ್ಟು. ಅರವತ್ತು ಸೆಂಟಿಮೀಟರ್ ಗಾಢ ಬಟ್ಟೆ ಸಾಕು. ಮುಂದೆ ರನ್ನಿಂಗ್ ಸ್ಟಿಚ್, ಹಿಂದಕ್ಕೆ ತಿರುಗಿಸಿ ಹೆಮ್ಮಿಂಗ್.

ಅಂಚು ಕಟ್ಟುವ ಮುನ್ನ ಒಂದು ಮೂಲೆಯಲ್ಲಿ ಹೆಸರು, ಇಸವಿ ಹೊಲಿಯಿರಿ. ಅಮೆರಿಕದ ವರ್ಮಾಂಟಿನ ಬೆನ್ನಿಂಗ್ಟನ್ ಮ್ಯೂಸಿಯಮ್ಮಿನಲ್ಲಿ ಜೇನ್ ಸ್ಟಿಕಲ್ ಎಂಬಾಕೆಯ ಕ್ವಿಲ್ಟ್ ಇದೆ, ಸಾಲಿಗೆ ಹದಿಮೂರರಂತೆ 169 ಚೌಕ ಬ್ಲಾಕು. ಅಂತರ್ಯುದ್ಧದ ಕಾಲದ್ದು. ಅದರ ಮೂಲೆಯಲ್ಲಿ ಆಕೆ ಯುದ್ಧದ ಸಮಯವೆಂದು, 1863 ಎಂದು, ತನ್ನ ಹೆಸರನ್ನು, ಜೊತೆಗೆ ತುಂಡುಗಳ ಲೆಕ್ಕವನ್ನೂ ಹೊಲಿದಿದ್ದಾಳೆ: 5602. ನಾನು ತುಂಡು ಎಣಿಸಲಿಲ್ಲ. ಶುರುವಾದ ಇಸವಿ, ಮುಗಿದ ಇಸವಿ ಎರಡನ್ನೂ ಹಾಕಿದೆ, ತುಕ್ಕಿನ ಗೆರೆಯಿರುವ ಬ್ಲಾಕಿನ ಹಿಂದುಗಡೆಯೇ.