ಚುರುಕು ಮಗುವಿಗೆ ಮಾಂಟೆಸ್ಸರಿ ಹೊಂದುತ್ತದೆಯೇ? ನಾನು ನೋಡಿ ಹೇಳುವ ಕ್ರಮ

ಮೂರು ವರ್ಷದ ಮಗುವನ್ನು ಕರೆತರುವ ಅಪ್ಪ ಅಮ್ಮಂದಿರ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: ‘ಮೇಡಂ, ಇವಳು ನೂರರವರೆಗೆ ಹೇಳ್ತಾಳೆ, ಬಸ್ಸಿನ ಬೋರ್ಡ್ ಓದ್ತಾಳೆ. ಮಾಂಟೆಸ್ಸರಿಗೆ ಹಾಕಿದ್ರೆ ಸರಿಹೋಗುತ್ತಾ?’ ಮಾಂಟೆಸ್ಸರಿ ಎಂದರೆ ಮಕ್ಕಳು ತಾವೇ ಆರಿಸಿಕೊಂಡ ಕಲಿಕೆಯ ಸಾಮಾನಿನ ಜೊತೆ ತಮ್ಮ ವೇಗದಲ್ಲಿ ಕೆಲಸ ಮಾಡುವ ಪದ್ಧತಿ. ಹೌದು, ಇಲ್ಲ ಅನ್ನುವ ಮೊದಲು ಮಗುವಿನ ಜೊತೆ ಅರ್ಧ ಗಂಟೆ ಕೂರುತ್ತೇನೆ. ಶಾಲೆಯಲ್ಲಿ ಒಂದಿಡೀ ಬೆಳಗ್ಗೆ ಕೂತು ಬನ್ನಿ ಎಂದು ಅವರನ್ನು ಕಳಿಸುತ್ತೇನೆ. ಹೆಚ್ಚಿನ ಸಲ ಉತ್ತರ ಸಿಗುವುದು ಶಾಲೆಯಲ್ಲೇ.

ಮಗುವಿನ ಮುಂದೆ ಒಂದು ಬಟ್ಟಲು ಹುಣಸೆ ಬೀಜ ಇಟ್ಟು ‘ನಂಗೆ ಏಳು ಕೊಡು’ ಎನ್ನುತ್ತೇನೆ. ನೂರರವರೆಗೆ ಪಟಪಟನೆ ಹೇಳುವ ಮಗುವೂ ಇಲ್ಲಿ ಹಿಡಿತುಂಬ ಕೊಡುವುದುಂಟು. ಬಾಯಿಪಾಠ ತಪ್ಪಲ್ಲ, ಆದರೆ ಎಣಿಕೆಯ ತಿಳಿವು ಬೇರೆ. ಏಳನ್ನು ಸರಿಯಾಗಿ ಕೊಟ್ಟರೆ ಬೀಜಗಳನ್ನು ದೂರ ದೂರ ಹರಡಿ ‘ಈಗ ಎಷ್ಟಿವೆ?’ ಎಂದು ಕೇಳುತ್ತೇನೆ. ಮತ್ತೆ ಎಣಿಸದೆ ‘ಏಳೇ’ ಎಂದರೆ ಇನ್ನೆರಡು ಸೇರಿಸುತ್ತೇನೆ. ಮೊದಲಿಂದ ಶುರುಮಾಡದೆ ‘ಎಂಟು, ಒಂಬತ್ತು’ ಎಂದು ಮುಂದುವರಿಸುವ ಮೂರು ವರ್ಷದ ಮಗು ನಿಜಕ್ಕೂ ವಯಸ್ಸಿಗಿಂತ ಮುಂದಿದೆ. ಓದಿಗೂ ಹೀಗೇ: ಎಂದೂ ಕಂಡಿರದ ಪದವೊಂದನ್ನು, ‘ಗುಬ್ಬಿಮರಿ’ಯಂಥದ್ದನ್ನು, ಬರೆದು ತೋರಿಸಿ. ಅಕ್ಷರ ಕೂಡಿಸಿದರೆ ಅದು ಓದು. ಇಲ್ಲದಿದ್ದರೆ ಬೋರ್ಡಿನ ಆಕಾರ ನೆನಪಿಟ್ಟುಕೊಂಡಿದೆ ಅಷ್ಟೆ.

ಬುದ್ಧಿಮಾಪನ ಮಾಡಿಸಬೇಕೇ ಎಂದು ಕೇಳುತ್ತಾರೆ. ಕನ್ನಡ, ಮರಾಠಿ ಮಕ್ಕಳಿಗೆಂದೇ ಹೊಂದಿಸಿದ ಬಿನೆ-ಕಾಮತ್ ಪರೀಕ್ಷೆ ಇದೆ, ಮೂರು ವರ್ಷದಿಂದಲೇ ಮಾಡಬಹುದು. ಆದರೆ ಐದು ವರ್ಷದೊಳಗಿನ ಅಂಕ ಆಮೇಲೆ ತುಂಬ ಏರುಪೇರಾಗುತ್ತದೆ. ಬರೀ ಪ್ರಿಸ್ಕೂಲ್ ಆರಿಸಲೆಂದು ಅದನ್ನು ಮಾಡಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಇನ್ನು ಶಾಲೆ. 1907ರಲ್ಲಿ ರೋಮ್‌ನಲ್ಲಿ ಮೊದಲ ಮಕ್ಕಳ ಮನೆ ತೆರೆದ ಮರಿಯಾ ಮಾಂಟೆಸ್ಸರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದರು, ಯುದ್ಧದ ವರ್ಷಗಳನ್ನು ಇಲ್ಲೇ ಕಳೆದು ಶಿಕ್ಷಕರನ್ನು ತಯಾರು ಮಾಡಿದರು. ಹಾಗಾಗಿ ನಮ್ಮ ಕಡೆ ಒಳ್ಳೆಯ ತರಬೇತಿ ಪಡೆದವರು ಇದ್ದಾರೆ. ಆದರೆ ಆ ಹೆಸರಿಗೆ ಯಾರ ಹಕ್ಕೂ ಇಲ್ಲ, ಯಾರು ಬೇಕಾದರೂ ಬೋರ್ಡ್ ಹಾಕಿಕೊಳ್ಳಬಹುದು. ಎರಡೂವರೆಯಿಂದ ಆರು ವರ್ಷದವರು ಒಂದೇ ಕೋಣೆಯಲ್ಲಿರುವುದು ಈ ಪದ್ಧತಿಯ ಜೀವ. ಚುರುಕು ಮಗುವಿಗಂತೂ ಮುಖ್ಯ ಲಾಭವೇ ಅದು: ಮೂರು ವರ್ಷದವಳು ಐದರವಳ ಪಕ್ಕ ಕೂತು ಅವಳ ಕೆಲಸ ನೋಡಬಹುದು. ಎಂ1, ಎಂ2, ಎಂ3 ಎಂದು ವಯಸ್ಸಿನ ಪ್ರಕಾರ ಬೇರೆ ಬೇರೆ ಕೋಣೆ ಮಾಡಿದ್ದರೆ ಅದು ಎಲ್‌ಕೆಜಿ, ಯುಕೆಜಿಯೇ, ಮೆಟೀರಿಯಲ್ (ಕಲಿಕೆಯ ಸಾಮಾನು) ಎಷ್ಟೇ ಚೆನ್ನಾಗಿರಲಿ.

ಜನವರಿ, ಫೆಬ್ರವರಿಯಲ್ಲಿ ಹೋಗಿ ಕೂರಿ. ಜೂನ್‌ನಲ್ಲಿ ಹೋದರೆ ಅಳುವ ಹೊಸ ಮಕ್ಕಳೇ ಕಾಣುತ್ತಾರೆ. ಒಂದು ಮಗುವನ್ನು ಆರಿಸಿಕೊಂಡು ಐದು ನಿಮಿಷಕ್ಕೊಮ್ಮೆ ಅದು ಏನು ಮಾಡುತ್ತಿದೆ ಎಂದು ಬರೆದುಕೊಳ್ಳಿ. ಎರಡು ಗಂಟೆಯಲ್ಲಿ 24 ಸಾಲಾಗುತ್ತದೆ. ಒಂದೇ ಕೆಲಸ ನಾಲ್ಕೈದು ಸಾಲು ಮುಂದುವರಿದಿದ್ದರೆ ಅಲ್ಲಿ ಏಕಾಗ್ರತೆಗೆ ಜಾಗ ಇದೆ. ನಡುನಡುವೆ ಎಲ್ಲರನ್ನೂ ಕರೆದು ರೈಮ್ಸ್, ಡ್ಯಾನ್ಸ್ ಎನ್ನುತ್ತಿದ್ದರೆ ಈ ಪದ್ಧತಿ ಕೇಳುವ, ಮಗುವಿಗೆ ಯಾರೂ ಅಡ್ಡಿಮಾಡದ ಮೂರು ಗಂಟೆಯ ಕೆಲಸದ ಅವಧಿ ಅಲ್ಲಿಲ್ಲ. ಕಪಾಟಿನ ಮೇಲೂ ಒಮ್ಮೆ ಬೆರಳಾಡಿಸಿ. 27 ತುಂಡುಗಳನ್ನು ಜೋಡಿಸಿ ಒಂದು ಘನ ಮಾಡುವ ಟ್ರೈನೋಮಿಯಲ್ ಕ್ಯೂಬ್, ಬಿಡಿಸಿದರೆ ವರಾಂಡದ ಉದ್ದಕ್ಕೂ ಹೋಗುವ ಸಾವಿರ ಮಣಿಗಳ ಸರ, ಇವುಗಳ ಮೇಲೆ ಧೂಳು ಕೂತಿದ್ದರೆ ಮುಂದಿರುವ ಮಗುವಿಗೆ ಅಲ್ಲಿ ಯಾರೂ ಮುಂದಿನದನ್ನು ತೋರಿಸುತ್ತಿಲ್ಲ ಎಂದರ್ಥ.

ಒಂದು, ಹತ್ತು, ನೂರು, ಸಾವಿರ ಎಂದು ಬರೆದ ಬಿಲ್ಲೆಗಳಿಂದ ಕೂಡುವ, ಕಳೆಯುವ ಲೆಕ್ಕ ಮಾಡುವುದು ಸ್ಟಾಂಪ್ ಗೇಮ್. ಅದಕ್ಕೂ ಮೊದಲು ಅದೇ ಲೆಕ್ಕವನ್ನು ಬಿಡಿ ಮಣಿ, ಹತ್ತು ಮಣಿಯ ಕಡ್ಡಿಗಳಲ್ಲಿ ಕಲಿಸುವುದು ಗೋಲ್ಡನ್ ಬೀಡ್ಸ್. ಆಮೇಲೆ ಒಂದೇ ಪ್ರಶ್ನೆ ಕೇಳಿ: ‘ನಾಲ್ಕು ವರ್ಷದ ಮಗು ಸ್ಟಾಂಪ್ ಗೇಮ್ ಕೇಳಿದರೆ ಏನು ಮಾಡ್ತೀರಿ?’ ‘ಗೋಲ್ಡನ್ ಬೀಡ್ಸ್‌ನಲ್ಲಿ ಹತ್ತು ಬಿಡಿಗೆ ಒಂದು ಹತ್ತರ ಕಡ್ಡಿ ಬದಲಾಯಿಸೋಕೆ ಬರುತ್ತಾ ನೋಡ್ತೀವಿ, ಬಂದ್ರೆ ಕೊಡ್ತೀವಿ’ ಎಂಬುದು ಸರಿಯಾದ ಉತ್ತರ. ‘ಅದು ಎಂ3ಯವರಿಗೆ’ ಎಂದರೆ ನಿಮ್ಮ ಮಗುವಿಗೆ ಆ ಶಾಲೆ ಬೇಡ. ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಪಿಂಕ್ ಟವರ್‌ನ ಹತ್ತು ಘನಗಳು ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗಿನವು. ಚುರುಕು ಮಗು ಮೊದಲ ದಿನವೇ ಜೋಡಿಸಿ ಎದ್ದುಬಿಡುತ್ತದೆ. ಅಲ್ಲಿ ಹತ್ತು ಸಲ ಮಾಡು ಎಂದು ಕೂರಿಸುವವರು ಮಗುವನ್ನು ಕೆಡಿಸುತ್ತಾರೆ. ತಿಳಿದವರು ಅದನ್ನೇ ಕಷ್ಟ ಮಾಡುತ್ತಾರೆ: ಘನಗಳನ್ನು ಒಂದು ಮ್ಯಾಟಿನಲ್ಲಿ ಚೆಲ್ಲಿ, ಗೋಪುರವನ್ನು ದೂರದ ಇನ್ನೊಂದು ಮ್ಯಾಟಿನಲ್ಲಿ ಕಟ್ಟಿಸುತ್ತಾರೆ. ಮುಂದಿನ ಘನ ಯಾವುದೆಂದು ಮನಸ್ಸಿನಲ್ಲಿ ಹಿಡಿದುಕೊಂಡೇ ನಡೆಯಬೇಕು. ಆಗ ಅದೇ ಮಗು ಅರ್ಧ ಗಂಟೆ ಅಲ್ಲೇ ಇರುತ್ತದೆ.

ನನಗೆ ನಿಜವಾಗಿ ನೋವು ಕೊಡುವುದು ಕನ್ನಡದ ವಿಷಯ. ಮೂರೂವರೆಗೆ ಕನ್ನಡ ಓದುವ ಮಗುವಿಗೆ ಬರೆಯುವ ಬೆರಳು ಇನ್ನೂ ಬಲಿತಿರುವುದಿಲ್ಲ. ಪೆನ್ಸಿಲ್ ಇಲ್ಲದೆ ಅಕ್ಷರ ಜೋಡಿಸಿ ಬರೆಯಲೆಂದೇ ಮೂವಬಲ್ ಆಲ್ಫಬೆಟ್ ಇರುವುದು. ಆದರೆ ಹಲವು ಶಾಲೆಗಳಲ್ಲಿ ಇಂಗ್ಲಿಷ್ ಪೆಟ್ಟಿಗೆ ಮಾತ್ರ. ಕನ್ನಡದ್ದಿದ್ದರೂ ಬರೀ 49 ಮೂಲಾಕ್ಷರ ಇಟ್ಟರೆ ಸಾಲದು. ‘ಚಂದ್ರ’ ಬರೆಯಹೊರಟ ಮಗು ದಕಾರಕ್ಕೆ ರಕಾರದ ಒತ್ತು ಸಿಗದೆ ಅಲ್ಲೇ ನಿಲ್ಲುತ್ತದೆ, ಪೆಟ್ಟಿಗೆ ಮುಚ್ಚಿಡುತ್ತದೆ. ಗುಣಿತದ ಚಿಹ್ನೆ, ಒತ್ತು ಎರಡೂ ಬಿಡಿಬಿಡಿಯಾಗಿ, ಬೇರೆ ಬಣ್ಣದಲ್ಲಿ ಇರಬೇಕು. ಇಲ್ಲದಿದ್ದರೆ ದಪ್ಪ ರಟ್ಟಿನಲ್ಲಿ ಕತ್ತರಿಸಿ ಮಾಡಿಕೊಡಿ, ಒಂದು ಭಾನುವಾರದ ಕೆಲಸ. ಮನೆಯಲ್ಲಿ ಅವರೆಕಾಯಿ ಕಾಲದಲ್ಲಿ ನೆನೆದ ಕಾಳನ್ನು ಹಿತುಕಿಸಿ. ಹೆಬ್ಬೆರಳು, ತೋರುಬೆರಳ ಹಿಡಿತಕ್ಕೆ ಇದಕ್ಕಿಂತ ಒಳ್ಳೆಯ ಇಪಿಎಲ್ (ಮಾಂಟೆಸ್ಸರಿಯಲ್ಲಿ ದಿನನಿತ್ಯದ ಕೈಕೆಲಸದ ಅಭ್ಯಾಸಕ್ಕೆ ಹೇಳುವ ಹೆಸರು) ನಾನು ಕಂಡಿಲ್ಲ. ಶಾಲೆಯ ಮೆಟೀರಿಯಲ್ಲನ್ನೇ ಮನೆಗೂ ಕೊಳ್ಳಬೇಡಿ, ಅಲ್ಲಿ ಅದರ ರುಚಿ ಹೋಗುತ್ತದೆ.

ಎಲ್ಲ ಚುರುಕು ಮಕ್ಕಳಿಗೂ ಇದು ಹೊಂದುವುದಿಲ್ಲ. ಒಂದೇ ವಿಷಯ ಹಿಡಿದು ಗಂಟೆಗಟ್ಟಲೆ ಕೂರುವ ಮಗು, ತನ್ನ ತಪ್ಪನ್ನು ಬೇರೆಯವರು ತೋರಿಸಿದರೆ ಕುಗ್ಗುವ ಮಗು ಇಲ್ಲಿ ಅರಳುತ್ತದೆ. ಬೇರೆ ಬೇರೆ ಅಳತೆಯ ಗುಳಿಗಳಲ್ಲಿ ಸಿಲಿಂಡರ್ ಕೂರಿಸುವ ಸಿಲಿಂಡರ್ ಬ್ಲಾಕ್‌ನಲ್ಲಿ ಒಂದು ತಪ್ಪಿದರೆ ಕೊನೆಗೆ ಒಂದು ಸಿಲಿಂಡರ್ ಕೂರದೆ ಉಳಿಯುತ್ತದೆ, ಯಾರೂ ಬಾಯಿಬಿಡಬೇಕಿಲ್ಲ. ಆದರೆ ಇಡೀ ದಿನ ಕಥೆ ಕಟ್ಟುತ್ತಾ, ಚಮಚವನ್ನು ವಿಮಾನ ಮಾಡುತ್ತಾ, ಮಾತಾಡುತ್ತಲೇ ಯೋಚಿಸುವ ಮಗು ಬಿಗಿಯಾದ ಮಾಂಟೆಸ್ಸರಿ ಕೋಣೆಯಲ್ಲಿ ಸೊರಗಬಹುದು. ಅಂಥ ಮಗುವಿಗೆ ಆಟವೇ ಮುಖ್ಯವಾದ ಶಾಲೆ ಹುಡುಕಿ ಎಂದು ನೇರವಾಗಿ ಹೇಳುತ್ತೇನೆ.

ಸೇರಿಸಿದ ಮೇಲೆ ಆರು ವಾರ ಕೊಡಿ. ಮೊದಲ ಎರಡು ವಾರವನ್ನು ಲೆಕ್ಕಕ್ಕೆ ಹಿಡಿಯಬೇಡಿ. ‘ಏನು ಕಲಿತೆ?’ ಎನ್ನದೆ ‘ಇವತ್ತು ಮ್ಯಾಟ್ ಮೇಲೆ ಏನು ಇಟ್ಟುಕೊಂಡಿದ್ದೆ?’ ಎಂದು ಕೇಳಿ. ಆರನೇ ವಾರದಲ್ಲೂ ದಿನಾ ಅದೇ ಸುಲಭದ ನೀರು ಸುರಿಯುವ ಕೆಲಸ ಎಂದು ಬಂದರೆ, ಹೊಸ ಪ್ರೆಸೆಂಟೇಶನ್ (ಹೊಸ ಕೆಲಸವನ್ನು ಮಾಡಿ ತೋರಿಸುವುದು) ಯಾವಾಗ ಕೊಟ್ಟರು ಎಂದು ಶಾಲೆಯ ದಾಖಲೆ ತೋರಿಸಲು ಕೇಳಿ.

ಮಾಂಟೆಸ್ಸರಿಯಲ್ಲಿ ಮಗು ಕಳೆಯುವ ಮೂರನೇ ವರ್ಷದ ಮಾತನ್ನು ಸೇರಿಸುವಾಗಲೇ ಆಡಿ. ಒಂದನೇ ತರಗತಿಗೆ ಆರು ವರ್ಷ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ, ಮಗು ಎಷ್ಟೇ ಮುಂದಿದ್ದರೂ ಆ ವರ್ಷ ಇಲ್ಲೇ ಕಳೆಯಬೇಕು. ಕೋಣೆಯಲ್ಲಿ ಅದಕ್ಕಿಂತ ದೊಡ್ಡವರು ಆಗ ಯಾರೂ ಇರುವುದಿಲ್ಲ. ಅದೇ ಆವರಣದಲ್ಲಿ ಆರರಿಂದ ಒಂಬತ್ತರವರ ಮಾಂಟೆಸ್ಸರಿ ಇದ್ದು, ವಾರಕ್ಕೆರಡು ಬೆಳಗ್ಗೆ ಅಲ್ಲಿ ಕೂರಲು ಬಿಡುತ್ತಾರೆಯೇ ಎಂದು ಫೀಸು ಕಟ್ಟುವ ಮೊದಲು ಕೇಳಿಕೊಳ್ಳಿ.