ಐದರ ಮನೆಯಿಂದ ತಂದ ಸಾಲ

ಪಿಯುಸಿ ಮುಗಿಸಿ ಡಿ.ಇಡಿ, ಅಂದರೆ ಪ್ರಾಥಮಿಕ ಶಾಲೆ ಟೀಚರ್ ತರಬೇತಿಗೆ ಸೇರಿದಾಗ ನನಗಿದ್ದ ಧೈರ್ಯ ಒಂದೇ. ಚಿಕ್ಕ ಮಕ್ಕಳ ಪಾಠ ತಾನೇ, ನನಗೆ ಗೊತ್ತಿಲ್ಲದ್ದು ಅದರಲ್ಲಿ ಏನಿದೆ ಅಂತ. ನಮ್ಮ ಅಕ್ಕಂದಿರ ಕಾಲದಲ್ಲಿ ಇದೇ ಕೋರ್ಸಿಗೆ ಟಿಸಿಎಚ್ ಅನ್ನುತ್ತಿದ್ದರು, ಈಗ ಡಿ.ಇಎಲ್.ಇಡಿ ಅನ್ನುತ್ತಾರೆ. ಎರಡು ವರ್ಷ. ದಿನಾ ಮಂಡ್ಯದಿಂದ ಮೈಸೂರಿಗೆ ರೈಲು, ತೊಡೆ ಮೇಲೆ ಸುರುಳಿ ಸುತ್ತಿದ ಚಾರ್ಟು.

ಮೊದಮೊದಲು ಸೂಕ್ಷ್ಮ ಬೋಧನೆ. ಅಂದರೆ ಐದಾರು ನಿಮಿಷದ ಪಾಠ, ಒಂದು ಸಲಕ್ಕೆ ಒಂದೇ ಕೌಶಲ. ಇವತ್ತು ಪ್ರಶ್ನೆ ಕೇಳುವುದು, ನಾಳೆ ಬೋರ್ಡು ಬಳಸುವುದು, ಹೀಗೆ. ನಮ್ಮ ಕ್ಲಾಸಿನವರೇ ಮಕ್ಕಳಾಗಿ ಕೂರುತ್ತಿದ್ದರು. ಕೇಳಿದ ತಕ್ಷಣ ಕೈ ಎತ್ತಿ ಸರಿಯಾದ ಉತ್ತರವನ್ನೇ ಹೇಳುತ್ತಿದ್ದರು. ಅಂಥ ಮಕ್ಕಳು ಆಮೇಲೆ ನನಗೆ ಯಾವ ಶಾಲೆಯಲ್ಲೂ ಸಿಕ್ಕಿಲ್ಲ.

ಬೋಧನಾಭ್ಯಾಸಕ್ಕೆ ಹಾಕಿದ್ದು ಟಿ. ನರಸೀಪುರ ರಸ್ತೆಯ ಒಂದು ಹಳ್ಳಿ ಶಾಲೆಗೆ. ನಾಲ್ಕನೇ ಕ್ಲಾಸು, ಕಳೆಯುವ ಲೆಕ್ಕ. ರಾತ್ರಿ ಹನ್ನೊಂದರವರೆಗೆ ಕೂತು ಪಾಠಯೋಜನೆ ಬರೆದಿದ್ದೆ. ಅಂಚಿಗೆ ಸ್ಕೆಚ್ ಪೆನ್ನಲ್ಲಿ ಗೆರೆ ಬೇರೆ. ಬೋರ್ಡಿನ ಮೇಲೆ 52ರಲ್ಲಿ 27 ಬರೆದು, ನಮ್ಮ ಮೇಷ್ಟ್ರು ನಮಗೆ ಹೇಳಿಕೊಟ್ಟ ಹಾಗೇ ಶುರು ಮಾಡಿದೆ. ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಐದರ ಮನೆಯಿಂದ ಒಂದು ಸಾಲ ತಗೋ, ಹನ್ನೆರಡಾಯ್ತು. ಎಲ್ಲರೂ ಹೂಂ ಅಂದರು. ಕೊನೇ ಸಾಲಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತಳು.

"ಸಾಲ ತಂದ್ಮೇಲೆ ತೀರಿಸ್ಬೇಕಲ್ವಾ ಮಿಸ್? ಐದರ ಮನೆಯೋರು ಕೇಳಕ್ಕೆ ಬರಲ್ವಾ?"

ಕ್ಲಾಸೆಲ್ಲ ನಕ್ಕಿತು. ನಾನೂ ನಕ್ಕು, ಕೂತ್ಕೋ ಅಂದೆ. ಕಬ್ಬು ಬೆಳೆಯುವ ಊರಿನ ಮಗು, ಸಾಲ ಅಂದರೆ ಏನು ಅಂತ ನನಗಿಂತ ಚೆನ್ನಾಗಿ ಗೊತ್ತಿತ್ತು ಅವಳಿಗೆ. ಇನ್ನೊಂದು ವಿಷಯ, ಒಂದು ತಂದರೆ ಎರಡು ಹೇಗೆ ಹನ್ನೆರಡಾಗುತ್ತೆ? ಅದನ್ನು ಅವಳು ಕೇಳಲಿಲ್ಲ, ನನ್ನ ಪುಣ್ಯ.

ಹಿಂದಿನ ಬೆಂಚಲ್ಲಿ ಕೂತು ನೋಡುತ್ತಿದ್ದ ನಮ್ಮ ಉಪನ್ಯಾಸಕರು ನನ್ನ ಗೆರೆಯನ್ನಾಗಲೀ ಚಾರ್ಟನ್ನಾಗಲೀ ಹೊಗಳಲಿಲ್ಲ. ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಆ ಮಗುವಿಗೆ ಉತ್ತರ ಏನು? ಆಮೇಲೆ ಕರೆದು, "ಒಂದು ವಾರ ಪಕ್ಕದ ನಲಿ-ಕಲಿ ಕೋಣೇಲಿ ಕೂತ್ಕೊಳ್ಳಮ್ಮ, ಪಾಠ ಮಾಡಬೇಡ, ಸುಮ್ನೆ ನೋಡು" ಅಂದರು. ಅವಮಾನ ಆಯಿತು, ಸುಳ್ಳು ಯಾಕೆ ಹೇಳಲಿ.

ನಲಿ-ಕಲಿ ಅಂದರೆ ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಆಡುತ್ತಾ ಕಲಿಯುವ ಪದ್ಧತಿ. ಅದು ಹುಟ್ಟಿದ್ದು ನಮ್ಮ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ, 1995ರಲ್ಲಿ. ಅದನ್ನು ನೋಟ್ಸಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದೆ, ಕೋಣೆಯೊಳಗೆ ಕೂತಿರಲಿಲ್ಲ. ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗುಂಪಾಗಿ ಕೂರುತ್ತಾರೆ. ಗುಂಪಿಗೆ ತಟ್ಟೆ ಅಂತ ಹೆಸರು. ಒಂದು ತಟ್ಟೆಯವರಿಗೆ ಟೀಚರ್ ಪೂರ್ತಿ ಜೊತೆಗಿರಬೇಕು, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ತಾವೇ ಮಾಡಿಕೊಳ್ಳುತ್ತಾರೆ. ಅಕ್ಷರ ಕೂಡ ಅ ಆ ಇ ಈ ಅಂತ ಶುರುವಾಗಲ್ಲ, ರ ಗ ಸ ದ ಅ ಅಂತ ಶುರು. ಯಾಕೆ ಅಂದರೆ ಅಷ್ಟು ಕಲಿತರೆ ಸರ, ಗರಗಸ, ದಸರ ಎಲ್ಲ ಓದಬಹುದು. ಮೈಸೂರಿನ ಮಕ್ಕಳಿಗೆ ದಸರ ಓದಲು ಬಂದರೆ ಸಾಕಲ್ವಾ!

ಅಲ್ಲಿನ ಟೀಚರ್ ಹತ್ತಿರ ಒಂದು ಚೀಲದ ತುಂಬ ತೆಂಗಿನಗರಿ ಕಡ್ಡಿ ಇತ್ತು. ಹತ್ತತ್ತು ಕಡ್ಡಿಗೆ ಒಂದು ಕಟ್ಟು. ಸೈಕಲ್ ಟ್ಯೂಬನ್ನು ಬಳೆ ಬಳೆಯಾಗಿ ಕತ್ತರಿಸಿ ಹಾಕಿದ್ದರು, ರಬ್ಬರ್ ಬ್ಯಾಂಡ್ ಬೇಗ ಕಿತ್ತುಹೋಗುತ್ತೆ ಅಂತ. ಕಳೆಯುವಾಗ ಕಡ್ಡಿ ಸಾಲದಿದ್ದರೆ ಅವರು ಹೇಳುತ್ತಿದ್ದದ್ದು ಎರಡೇ ಮಾತು: "ಕಟ್ಟು ಬಿಚ್ಚು." ಸಾಲವೂ ಇಲ್ಲ, ಪಕ್ಕದ ಮನೆಯೂ ಇಲ್ಲ.

ಮುಂದಿನ ವಾರ ನಾಲ್ಕನೇ ಕ್ಲಾಸಿಗೆ ಹೋದೆ. ಚಾರ್ಟು ಒಯ್ಯಲಿಲ್ಲ. ಆ ಹುಡುಗಿಯನ್ನೇ ಮುಂದೆ ಕರೆದು ಐದು ಕಟ್ಟು, ಎರಡು ಬಿಡಿ ಕಡ್ಡಿ ಕೊಟ್ಟು 27 ವಾಪಸ್ ಕೊಡು ಅಂದೆ. ಸ್ವಲ್ಪ ಹೊತ್ತು ಕಡ್ಡಿ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ತಾನೇ ಒಂದು ಕಟ್ಟು ಬಿಚ್ಚಿದಳು. ನಾಲ್ಕು ಕಟ್ಟು, ಹನ್ನೆರಡು ಬಿಡಿ. ಏಳು ಬಿಡಿ, ಎರಡು ಕಟ್ಟು ನನ್ನ ಕೈಗಿಟ್ಟಳು. "ಯಾರ ಹತ್ರಾನೂ ಸಾಲ ಮಾಡ್ಲಿಲ್ಲ ಮಿಸ್" ಅಂದಳು.

ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ ಓದುವಾಗ 150ಕ್ಕೆ 90 ತೆಗೆಯಬೇಕು ಅಂತ ಎಷ್ಟೋ ಪುಸ್ತಕ ತಿರುವಿ ಹಾಕಿದೆ, ಪಾಸೂ ಆದೆ. ಈಗ ನನ್ನದೇ ಕ್ಲಾಸಿದೆ, ನನ್ನದೇ ಕಡ್ಡಿ ಚೀಲ ಇದೆ. ಮೊನ್ನೆ ಒಬ್ಬ ಹುಡುಗ ಕಟ್ಟು ಬಿಚ್ಚಿ, "ಮಿಸ್, ಇದ್ರಲ್ಲಿ ಒಂಬತ್ತೇ ಐತೆ" ಅಂದ. ನಾನು ಕಟ್ಟಿದ್ದು, ಹತ್ತೇ ಇರುತ್ತೆ ಎಣಿಸು ಅಂತ ಗದರಿದೆ. ಇಬ್ಬರೂ ಕೂತು ಎಣಿಸಿದೆವು. ಒಂಬತ್ತೇ ಇತ್ತು.