ಬಿಸಿಲಂಗಳಕ್ಕೆ ಲಾವಂಚ

ಕಾಸರಗೋಡಿನ ನಮ್ಮ ಮುರಕಲ್ಲಿನ ಅಂಗಳಗಳಲ್ಲಿ ಎತ್ತರದ ಅಲಂಕಾರ ಹುಲ್ಲು ಬೆಳೆಸಬಯಸುವವರು, ದುಬಾರಿ ಪಾಂಪಾಸ್ ಹುಲ್ಲಿಗೆ ಮರುಳಾಗುವ ಮೊದಲು, ಆಳೆತ್ತರ ಬೆಳೆಯುವ ಲಾವಂಚವನ್ನು ನೆಟ್ಟು ನೋಡಬಹುದು. ಅಡಿಕೆ ಮರದ ನೆರಳು ಇದಕ್ಕೆ ಒಗ್ಗದು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಹಳೆಯ ಬುಡವನ್ನು ಸೀಳಿ, ಎರಡು ಮೂರು ಮರಿಗಳಿರುವ ತುಂಡಿನ ಎಲೆಯನ್ನು ಒಂದು ಗೇಣು ಉಳಿಸಿ ಕತ್ತರಿಸಿ, ಬೇರನ್ನು ಬೆರಳುದ್ದಕ್ಕೆ ಮೊಟಕುಗೊಳಿಸಿ, 3 ಅಡಿ ಅಂತರದಲ್ಲಿ ನೆಡಬೇಕು. ಬೇಲಿಯಂತೆ ಒತ್ತಾಗಿ ಬೇಕಿದ್ದರೆ ಅರ್ಧ ಅಡಿ ಸಾಕು. ಮೊದಲ ವರ್ಷ ನಾನು ಗೊಬ್ಬರ ಸುರಿದುದರಿಂದ ಎಲೆಗಳು ಸೊಕ್ಕಿ ಬೆಳೆದು ಮಳೆಗೆ ಮಗ್ಗುಲಾದವು. ಈಗ ವರ್ಷಕ್ಕೊಂದು ಬುಟ್ಟಿ ಹಟ್ಟಿಗೊಬ್ಬರವಷ್ಟೇ. ಮೇ ಕೊನೆಗೆ ಒಣಗಿದ ಎಲೆಗಳನ್ನು ಕತ್ತಿಯಿಂದ ಮೊಣಕಾಲೆತ್ತರಕ್ಕೆ ಸವರಬೇಕು, ಆದರೆ ಎಲೆಯಂಚು ಚರ್ಮವನ್ನು ಗೀರುವುದರಿಂದ ತುಂಬುತೋಳಿನ ಅಂಗಿ ತೊಟ್ಟುಕೊಳ್ಳಿ.